ವೀಸಾ ಖರ್ಚು ಯಾರ ಜೇಬಿನಿಂದ? ಅಮೆರಿಕದ ಸರ್ಕಾರಿ ಶಾಲೆಗಳ ಹಳೇ ತಕರಾರು

ಎಚ್‌-1ಬಿ ಅಂದರೆ ಬೆಂಗಳೂರಿನವರ ಲೆಕ್ಕದಲ್ಲಿ ಸಾಫ್ಟ್‌ವೇರ್ ವೀಸಾ. ಅದೇ ವೀಸಾ ಹಿಡಿದು ಅಮೆರಿಕದ ಸರ್ಕಾರಿ ಶಾಲೆಗಳಿಗೆ ಗಣಿತ, ವಿಜ್ಞಾನ ಕಲಿಸಲು ಹೋದವರೂ ಸಾವಿರಾರು ಮಂದಿ ಇದ್ದಾರೆ. 2025ರಲ್ಲಿ ಅಮೆರಿಕ ಈ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಹೇರಿದ ಸುದ್ದಿ ಬಂದಾಗ ನಮ್ಮಲ್ಲಿ ಐಟಿ ಕಂಪನಿಗಳ ಬಗ್ಗೆಯೇ ಮಾತಾಯಿತು, ಶಾಲೆಗಳ ಹೆಸರು ಬರಲೇ ಇಲ್ಲ. ಆದರೆ ವೀಸಾ ಖರ್ಚನ್ನು ಯಾರು ಹೊರಬೇಕು ಎಂಬ ಜಗಳದಲ್ಲಿ ಶಾಲೆಗಳು ಕೈಸುಟ್ಟುಕೊಂಡದ್ದು ಎಷ್ಟೋ ವರ್ಷ ಮೊದಲು.

ಅಲ್ಲಿನ ಏರ್ಪಾಡು ನಮ್ಮಂತಲ್ಲ. ಕರ್ನಾಟಕದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರು ರಾಜ್ಯ ಸರ್ಕಾರದ ನೌಕರರು. ನೇಮಕಾತಿಯಿಂದ ಪಿಂಚಣಿವರೆಗೆ ಎಲ್ಲಕ್ಕೂ ಮೇಲೆ ಇಲಾಖೆ ಇದೆ. ಅಮೆರಿಕದಲ್ಲಿ ಆಯಾ ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ 13 ಸಾವಿರದಷ್ಟು ಶಾಲಾ ಡಿಸ್ಟ್ರಿಕ್ಟ್‌ಗಳಿದ್ದು, ಒಂದೊಂದೂ ತನ್ನಷ್ಟಕ್ಕೆ ತಾನೇ ಉದ್ಯೋಗದಾತ. ಕಾನೂನು ಪಾಲಿಸುವ ಹೊಣೆಯೂ ಅದರದ್ದೇ, ತಪ್ಪಿದರೆ ದಂಡ ಕಟ್ಟುವುದೂ ಅದೇ.

ಹೊರದೇಶದ ಶಿಕ್ಷಕರನ್ನು ಹುಡುಕುವ ಭರಾಟೆಗೆ ಜೋರು ಬಂದದ್ದು 2002ರ ನಂತರ. ಆ ವರ್ಷದ ಜನವರಿಯಲ್ಲಿ ಜಾರ್ಜ್ ಬುಷ್ ಸಹಿ ಹಾಕಿದ ‘ನೋ ಚೈಲ್ಡ್ ಲೆಫ್ಟ್ ಬಿಹೈಂಡ್’ ಕಾಯ್ದೆ, ಮುಖ್ಯ ವಿಷಯಗಳನ್ನು ಕಲಿಸುವವರೆಲ್ಲ ‘ಹೆಚ್ಚಿನ ಅರ್ಹತೆ’ ಉಳ್ಳವರೇ ಆಗಿರಬೇಕು ಎಂದಿತು. ಬಡ ಊರುಗಳ ಶಾಲೆಗಳಿಗೆ ಅಂಥ ಗಣಿತ, ವಿಜ್ಞಾನ, ವಿಶೇಷ ಶಿಕ್ಷಣದ ಶಿಕ್ಷಕರು ಎಲ್ಲಿಂದ ಸಿಗಬೇಕು? ಇಂಗ್ಲಿಷ್ ಬಲ್ಲ, ಪದವಿ ಪಡೆದ, ಅನುಭವಿ ಶಿಕ್ಷಕರು ಫಿಲಿಪ್ಪೀನ್ಸ್‌ನಲ್ಲಿ ಸಿಕ್ಕರು. ಭಾರತದಿಂದಲೂ ಹೋದರು.

ವಾಷಿಂಗ್ಟನ್‌ಗೆ ಅಂಟಿಕೊಂಡಿರುವ ಮೇರಿಲ್ಯಾಂಡ್‌ನ ಪ್ರಿನ್ಸ್ ಜಾರ್ಜಸ್ ಕೌಂಟಿಯ ಶಾಲೆಗಳು ಹೀಗೆ ಸಾವಿರಕ್ಕೂ ಹೆಚ್ಚು ಶಿಕ್ಷಕರನ್ನು ಕರೆತಂದವು. ಎಚ್‌-1ಬಿಯಲ್ಲಿ ಕರೆಸಿಕೊಳ್ಳುವವರು ಮೊದಲು ಕಾರ್ಮಿಕ ಇಲಾಖೆಗೆ ಒಂದು ಮುಚ್ಚಳಿಕೆ ಬರೆದುಕೊಡಬೇಕು: ಅದೇ ಕೆಲಸ ಮಾಡುವ ಸ್ಥಳೀಯರಿಗೆ ಕೊಡುವ ಸಂಬಳ, ಆ ಪ್ರದೇಶದಲ್ಲಿ ಚಾಲ್ತಿಯಲ್ಲಿರುವ ಸಂಬಳ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ಕೊಡುತ್ತೇವೆ ಎಂದು. ಆ ಕಾಗದಪತ್ರಗಳ ಕಡತವನ್ನು ಯಾರು ಕೇಳಿದರೂ ತೋರಿಸಬೇಕು. ಇನ್ನು ಅರ್ಜಿ ಶುಲ್ಕ, ವಂಚನೆ ತಡೆಗೆಂದು 2004ರ ಕಾಯ್ದೆ ಹೇರಿದ 500 ಡಾಲರ್, ವಕೀಲರ ಫೀಸು, ಇವೆಲ್ಲ ಕಾನೂನಿನ ಕಣ್ಣಲ್ಲಿ ಉದ್ಯೋಗದಾತರ ವ್ಯವಹಾರದ ಖರ್ಚು. ಅದನ್ನು ನೌಕರ ತನ್ನ ಕೈಯಿಂದ ತೆತ್ತರೆ ಅಷ್ಟರ ಮಟ್ಟಿಗೆ ಸಂಬಳ ಕಡಿಮೆ ಕೊಟ್ಟಂತೆಯೇ.

ಪ್ರಿನ್ಸ್ ಜಾರ್ಜಸ್‌ನಲ್ಲಿ ಆ ಖರ್ಚು ಶಿಕ್ಷಕರ ತಲೆಯ ಮೇಲೆ ಬಿದ್ದಿತ್ತು. ಕಾರ್ಮಿಕ ಇಲಾಖೆ 2011ರಲ್ಲಿ ಲೆಕ್ಕ ತೆಗೆದಾಗ 1,044 ಶಿಕ್ಷಕರಿಗೆ ಸುಮಾರು 42 ಲಕ್ಷ ಡಾಲರ್ ಬಾಕಿ ಬಂತು, ತಲಾ 4,000 ಡಾಲರ್‌ನಷ್ಟು. ಇದು ಕೈತಪ್ಪಲ್ಲ, ಉದ್ದೇಶಪೂರ್ವಕ ಎಂದಿತು ಇಲಾಖೆ. ಮೊದಲು ಹಾಕಹೊರಟ ದಂಡ 17.4 ಲಕ್ಷ ಡಾಲರ್. ರಾಜಿಯಾಗಿ ಅದು 1 ಲಕ್ಷಕ್ಕಿಳಿಯಿತು. ಬದಲಿಗೆ ಡಿಸ್ಟ್ರಿಕ್ಟ್ ಎರಡು ವರ್ಷ ವೀಸಾ ಕಾರ್ಯಕ್ರಮದಿಂದ ಹೊರಗಿರಲು ಒಪ್ಪಿತು.

ನನಗೆ ಅರಗದಿರುವುದು ಈ ಕೊನೆಯ ಷರತ್ತು. ಹೊರಗಿರುವುದೆಂದರೆ ಹೊಸಬರನ್ನು ಕರೆಸದಿರುವುದಷ್ಟೇ ಅಲ್ಲ. ಆಗಲೇ ಪಾಠ ಮಾಡುತ್ತಿರುವವರ ವೀಸಾ ನವೀಕರಣಕ್ಕೂ ಡಿಸ್ಟ್ರಿಕ್ಟ್ ಅರ್ಜಿ ಹಾಕುವಂತಿಲ್ಲ. ಈ ವೀಸಾ ಸಿಗುವುದು ಒಮ್ಮೆಗೆ ಹೆಚ್ಚೆಂದರೆ ಮೂರು ವರ್ಷಕ್ಕೆ, ಒಟ್ಟು ಆರು ವರ್ಷಕ್ಕೆ, ಅದೂ ಅರ್ಜಿ ಹಾಕಿದ ಉದ್ಯೋಗದಾತರಿಗೆ ಕಟ್ಟಿಹಾಕಿದ್ದು. ಅವಧಿ ಮುಗಿಯುತ್ತ ಬಂದವರು ಬೇರೆ ಡಿಸ್ಟ್ರಿಕ್ಟ್ ಹುಡುಕಬೇಕು, ಇಲ್ಲವೇ ಮಕ್ಕಳುಮರಿ ಕಟ್ಟಿಕೊಂಡು ಊರಿಗೆ ಹೊರಡಬೇಕು. 4,000 ಡಾಲರ್ ವಾಪಸ್ ಬಂತು, ಕೆಲಸ ಹೋಯಿತು. ತಪ್ಪು ಮಾಡಿದ್ದು ಕಚೇರಿ, ಪೆಟ್ಟು ತಿಂದವರು ದೂರುದಾರರ ಜಾಗದಲ್ಲಿ ನಿಂತವರು. ದಂಡವನ್ನು ಪೂರ್ತಿ ವಸೂಲಿ ಮಾಡಿ, ಇದ್ದವರ ನವೀಕರಣಕ್ಕಾದರೂ ಬಾಗಿಲು ತೆರೆದಿಡಬಹುದಿತ್ತಲ್ಲ ಎನಿಸುತ್ತದೆ. ಆದರೆ ಉದ್ದೇಶಪೂರ್ವಕ ಉಲ್ಲಂಘನೆಗೆ ಕನಿಷ್ಠ ಎರಡು ವರ್ಷದ ನಿಷೇಧ ಎಂದು ಕಾಯ್ದೆಯಲ್ಲೇ ಬರೆದಿದೆ.

ಲೂಸಿಯಾನದ ಪ್ರಕರಣ ಇನ್ನೂ ಕಹಿ. ಅಲ್ಲಿ ವಸೂಲಿ ಮಾಡಿದ್ದು ನೇಮಕಾತಿ ಏಜೆಂಟರು, ಒಬ್ಬೊಬ್ಬ ಶಿಕ್ಷಕರಿಂದ ಸುಮಾರು 16,000 ಡಾಲರ್. ಶಿಕ್ಷಕರ ಒಕ್ಕೂಟ ಎಎಫ್‌ಟಿ ಮತ್ತು ನಾಗರಿಕ ಹಕ್ಕುಗಳ ಸಂಸ್ಥೆ ಸದರ್ನ್ ಪಾವರ್ಟಿ ಲಾ ಸೆಂಟರ್ 2010ರಲ್ಲಿ ನ್ಯಾಯಾಲಯಕ್ಕೆ ಹೋದವು. 2012ರ ಡಿಸೆಂಬರ್‌ನಲ್ಲಿ ಜ್ಯೂರಿ 45 ಲಕ್ಷ ಡಾಲರ್ ಪರಿಹಾರ ಕೊಡಿಸಿತು.

2025ರ ಸೆಪ್ಟೆಂಬರ್‌ನಲ್ಲಿ ಟ್ರಂಪ್ ಹೊರಡಿಸಿದ ಘೋಷಣೆ ಹೊಸ ಎಚ್‌-1ಬಿ ಅರ್ಜಿಗೆ 1 ಲಕ್ಷ ಡಾಲರ್ ಎಂದಿತು. ಹೊಸದಾಗಿ ಸೇರುವ ಶಿಕ್ಷಕರ ಒಂದು ವರ್ಷದ ಸಂಬಳಕ್ಕಿಂತ ಹೆಚ್ಚು ಮೊತ್ತ ಅದು. ಸಣ್ಣ ಡಿಸ್ಟ್ರಿಕ್ಟ್ ಅದನ್ನು ತೆರುವ ಮಾತೇ ಇಲ್ಲ. ಉಳಿಯುವ ದಾರಿ ಜೆ-1, ಅಂದರೆ ಸಾಂಸ್ಕೃತಿಕ ವಿನಿಮಯದ ವೀಸಾ: ಮೂರು ವರ್ಷ, ವಿಸ್ತರಿಸಿದರೆ ಐದು, ಆಮೇಲೆ ವಾಪಸ್. ಇದು ಕಾರ್ಮಿಕ ಇಲಾಖೆಯ ಮುಚ್ಚಳಿಕೆಗೆ ಒಳಪಡುವುದಿಲ್ಲ. ಪ್ರಾಯೋಜಕ ಸಂಸ್ಥೆಗಳು ಶಿಕ್ಷಕರಿಂದಲೇ ಶುಲ್ಕ ಪಡೆಯಬಹುದು, ಪಡೆಯುತ್ತಲೂ ಇವೆ. ಎಷ್ಟು ಎಂದು ಮೊದಲೇ ತಿಳಿಸಿದರೆ ಸಾಕು.