ಮುಂಬೈ ಹೈ: ತೈಲ ಮೊದಲು ಬಂತು, ನಿಯಮ ಆಮೇಲೆ

ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರದಿಂದ ಹೊರಡುವ ಪೆಟ್ರೋಲ್ ಮತ್ತು ಡೀಸೆಲ್ ಘಟ್ಟದ ಬುಡದ ನೇರಿಯದಲ್ಲಿ ಮತ್ತೊಮ್ಮೆ ಒತ್ತಡ ಪಡೆದು, ಬೆಟ್ಟ ಹತ್ತಿ ಹಾಸನಕ್ಕೆ ಬರುತ್ತವೆ. ಅಲ್ಲಿಂದ ಮುಂದೆ ಬೆಂಗಳೂರು ಬಳಿಯ ದೇವನಗೊಂದಿಗೆ ಹೋಗುತ್ತವೆ. 2003ರಲ್ಲಿ ಆರಂಭವಾದ, ಸುಮಾರು 360 ಕಿಲೋಮೀಟರ್ ಉದ್ದದ ಈ ಕೊಳವೆಮಾರ್ಗ ಯಾರ ಜಮೀನಿನ ಅಡಿಯಲ್ಲಿ ಹಾದಿದೆಯೋ ಅವರಿಗೆ ಅದರ ಕಟ್ಟುಪಾಡು ಚೆನ್ನಾಗಿ ಗೊತ್ತು. ಆ ಪಟ್ಟಿಯ ಮೇಲೆ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಕಾಫಿ ತೋಟವಾದರೆ ನೆರಳಿಗೆಂದು ಒಂದು ಸಿಲ್ವರ್ ಓಕ್ ಕೂಡ ನೆಡುವಂತಿಲ್ಲ. 1962ರ ಕಾಯ್ದೆ ನೆಲದಡಿಯ ಕೊಳವೆಗೆ ವಿಧಿಸಿದ ಷರತ್ತುಗಳಿವು. ಅದೇ ಎಂಆರ್‌ಪಿಎಲ್‌ಗೆ ಬರುವ ಕಚ್ಚಾತೈಲದ ಬಹುಪಾಲು ಹೊರದೇಶದ್ದಾದರೂ ಒಂದಿಷ್ಟು ಬರುವುದು ಅರಬ್ಬಿ ಸಮುದ್ರದ ಮುಂಬೈ ಹೈ ಎಂಬ ತೈಲಕ್ಷೇತ್ರದಿಂದ. ಅಲ್ಲಿ ಕೆಲಸ ಮಾಡುವವರ ಸುರಕ್ಷತೆಗೆಂದೇ ಪ್ರತ್ಯೇಕ ನಿಯಮಾವಳಿ ಬರಲು 2008ರವರೆಗೆ ಕಾಯಬೇಕಾಯಿತು. ಹೀಗೇಕಾಯಿತು ಎಂಬುದಕ್ಕೆ ಆ ತೈಲಕ್ಷೇತ್ರ ಬೆಳೆದ ರೀತಿಯಲ್ಲೇ ಉತ್ತರವಿದೆ.

ತೈಲ ಹುಡುಕಿ ತೆಗೆಯುವ ಸರ್ಕಾರಿ ಸಂಸ್ಥೆ ಒಎನ್‌ಜಿಸಿ ಹುಟ್ಟಿದ್ದು 1956ರಲ್ಲಿ. ಭಾರತದಲ್ಲಿ ಹೇಳಿಕೊಳ್ಳುವಷ್ಟು ತೈಲವಿಲ್ಲ ಎಂದು ವಿದೇಶಿ ಕಂಪನಿಗಳು ಕೈಚೆಲ್ಲಿದ್ದ ಕಾಲದಲ್ಲಿ ಸಚಿವ ಕೇಶವದೇವ ಮಾಳವೀಯರು ಸೋವಿಯತ್ ನೆರವು ಪಡೆದು ಶೋಧಕ್ಕೆ ಕೈಹಾಕಿದರು. 1960ರ ದಶಕದ ನಡುವೆ ಸೋವಿಯತ್ ಸಮೀಕ್ಷಾ ಹಡಗು 'ಅಕಾಡೆಮಿಕ್ ಅರ್ಖಾಂಗೆಲ್ಸ್ಕಿ' ಖಂಭಾತ್ ಕೊಲ್ಲಿಯ ಸುತ್ತಮುತ್ತ ಕಡಲತಳವನ್ನು ಅಳೆಯುತ್ತಿದ್ದಾಗ, ಮುಂಬೈನಿಂದ ಸುಮಾರು 160 ಕಿಲೋಮೀಟರ್ ಪಶ್ಚಿಮಕ್ಕೆ ಸುಣ್ಣಕಲ್ಲಿನ ದೊಡ್ಡದೊಂದು ಉಬ್ಬು ಗೋಚರಿಸಿತು. ಅಲ್ಲಿ ನೀರಿನ ಆಳ ಸುಮಾರು 75 ಮೀಟರ್. ಜಪಾನಿನಿಂದ ತರಿಸಿದ, ಕಾಲುಗಳನ್ನು ಕಡಲತಳಕ್ಕೆ ಊರಿ ನಿಲ್ಲುವ 'ಸಾಗರ್ ಸಮ್ರಾಟ್' ರಿಗ್ 1974ರ ಜನವರಿ ಕೊನೆಯಲ್ಲಿ ಕೊರೆಯಲು ತೊಡಗಿತು. ಫೆಬ್ರುವರಿಯಲ್ಲೇ ತೈಲ ಸಿಕ್ಕಿತು.

ಆ ಹೊತ್ತಿನ ಸ್ಥಿತಿಯನ್ನು ನೆನಪಿಸಿಕೊಳ್ಳಬೇಕು. 1973ರ ಅಕ್ಟೋಬರಿನ ಅರಬ್-ಇಸ್ರೇಲ್ ಯುದ್ಧದ ನಂತರ ಕೆಲವೇ ತಿಂಗಳುಗಳಲ್ಲಿ ಕಚ್ಚಾತೈಲದ ಬೆಲೆ ನಾಲ್ಕು ಪಟ್ಟಾಗಿತ್ತು. ವಿದೇಶಿ ವಿನಿಮಯ ಕರಗುತ್ತಿತ್ತು. ಹಾಗಾಗಿ ಶೋಧದಿಂದ ಉತ್ಪಾದನೆಗೆ ತಗುಲಿದ್ದು ಎರಡೇ ಚಿಲ್ಲರೆ ವರ್ಷ. 1976ರ ಮೇ 21ರಂದು ತೈಲ ಹರಿಯತೊಡಗಿತು. ಮೊದಮೊದಲು ಅದನ್ನು ಹಡಗುಗಳಿಗೆ ತುಂಬಿ ಸಾಗಿಸಿದರು. 1978ರ ಹೊತ್ತಿಗೆ ಮುಂಬೈ ಬಳಿಯ ಉರಣ್‌ವರೆಗೆ ಕಡಲಡಿಯ ಕೊಳವೆ ಸಿದ್ಧವಾಯಿತು. 1980ರ ದಶಕದ ಕೊನೆಗೆ ಉತ್ಪಾದನೆ ವರ್ಷಕ್ಕೆ 2 ಕೋಟಿ ಟನ್ನಿನ ಮಟ್ಟ ಮುಟ್ಟಿತು. ಸುಣ್ಣಕಲ್ಲಿನ ಪದರದಿಂದ ಅಷ್ಟು ರಭಸದಲ್ಲಿ ಹೀರಿದರೆ ಒಳಗಿನ ಒತ್ತಡ ಕುಸಿಯುತ್ತದೆ. ಅದನ್ನು ಕಾಪಾಡಲು ಸಮುದ್ರದ ನೀರನ್ನೇ ಒಳಕ್ಕೆ ತಳ್ಳುವ ಕೆಲಸ ಶುರುವಾದದ್ದು 1984ರಲ್ಲಿ, ಅಂದರೆ ಉತ್ಪಾದನೆ ಆರಂಭವಾಗಿ ಎಂಟು ವರ್ಷಗಳ ಮೇಲೆ. ಮುಂದೆ ಇಳುವರಿ ಇಳಿಮುಖವಾಗಲು ಈ ಅವಸರದ ಪಾಲೂ ಇದೆ.

ಅಪಾಯದ ಮೊದಲ ದೊಡ್ಡ ಸೂಚನೆ 1982ರಲ್ಲೇ ಸಿಕ್ಕಿತ್ತು. 'ಸಾಗರ್ ವಿಕಾಸ್' ರಿಗ್ ಕೊರೆಯುತ್ತಿದ್ದ ಬಾವಿ ಹತೋಟಿ ತಪ್ಪಿ ಬೆಂಕಿ ಹೊತ್ತಿಕೊಂಡಿತು. 1986ರಲ್ಲಿ ತೈಲೋದ್ಯಮ ಸುರಕ್ಷತಾ ನಿರ್ದೇಶನಾಲಯ ರೂಪುಗೊಂಡಿತಾದರೂ ಕಡಲ ಕೆಲಸದಲ್ಲಿ ಕಾನೂನುಬದ್ಧ ಅಧಿಕಾರ ಅದಕ್ಕಿರಲಿಲ್ಲ. 1988ರ ಜುಲೈನಲ್ಲಿ ಉತ್ತರ ಸಮುದ್ರದಲ್ಲಿ ತೈಲ ತೆಗೆಯಲು ಕಟ್ಟಿದ್ದ ಪೈಪರ್ ಆಲ್ಫಾ ಪ್ಲಾಟ್‌ಫಾರ್ಮ್ ಉರಿದು 167 ಜನ ಸತ್ತರು. ಅಲ್ಲಿ ಮೊದಲ ಸ್ಫೋಟಕ್ಕಿಂತ ಹೆಚ್ಚು ಹಾನಿ ಮಾಡಿದ್ದು ರೈಸರ್‌ಗಳು, ಅಂದರೆ ಕಡಲತಳದಿಂದ ಪ್ಲಾಟ್‌ಫಾರ್ಮಿಗೆ ನೆಟ್ಟಗೆ ಏರಿ ಬರುವ ಕೊಳವೆಗಳು. ಅವು ಒಡೆದಾಗ ಹೊರಚಿಮ್ಮಿದ ಅನಿಲವೇ ಬೆಂಕಿಗೆ ಮೇವಾಯಿತು. ಬ್ರಿಟನ್ನಿನಲ್ಲಿ ಲಾರ್ಡ್ ಕಲನ್ ವಿಚಾರಣೆ ನಡೆಸಿ 106 ಶಿಫಾರಸುಗಳನ್ನು ಕೊಟ್ಟರು, ಕಾನೂನು ಬದಲಾಯಿತು. ಈ ಪಾಠ ಜಗತ್ತಿಗೆಲ್ಲ ತೆರೆದೇ ಇತ್ತು.

ಮಲೆನಾಡಿನವರಿಗೆ ಜುಲೈ ಎಂದರೆ ಹೇಮಾವತಿ ತುಂಬಿ ಹರಿಯುವ, ನಾಟಿಯ ಚಿಂತೆ ಕಳೆಯುವ ತಿಂಗಳು. ಅದೇ ಮುಂಗಾರು ಮಾರುತ ಅರಬ್ಬಿ ಸಮುದ್ರದಲ್ಲಿ ಅಲೆಗಳನ್ನು ಮೀಟರುಗಟ್ಟಲೆ ಎಬ್ಬಿಸುವುದರಿಂದ, ಕಟ್ಟುವ ಕೆಲಸವೆಲ್ಲ ಸಾಮಾನ್ಯವಾಗಿ ಅಕ್ಟೋಬರಿನಿಂದ ಮೇ ನಡುವೆ ಮುಗಿಯಬೇಕು. ಉತ್ಪಾದನೆ ಮಾತ್ರ ನಿಲ್ಲುವುದಿಲ್ಲ. 2005ರ ಜುಲೈ 27ರಂದು, ಮುಂಬೈ ನಗರ ಹಿಂದಿನ ದಿನದ ಮಹಾಮಳೆಯಲ್ಲಿ ಮುಳುಗಿದ್ದಾಗ, 'ಸಮುದ್ರ ಸುರಕ್ಷಾ' ಎಂಬ ಸಹಾಯಕ ಹಡಗಿನ ಅಡುಗೆಯವರೊಬ್ಬರ ಬೆರಳಿಗೆ ಗಾಯವಾಗಿತ್ತು. ಅವರಿಗೆ ಚಿಕಿತ್ಸೆ ಕೊಡಿಸಲು ಹೆಲಿಕಾಪ್ಟರ್ ಕರೆಸುವಂತಿರಲಿಲ್ಲ. ಹಡಗು ಮುಂಬೈ ಹೈನ ಬಾಂಬೆ ಹೈ ನಾರ್ತ್ ಪ್ಲಾಟ್‌ಫಾರ್ಮಿನ ಹತ್ತಿರ ಬಂತು, ಕ್ರೇನಿನ ಬುಟ್ಟಿಯಲ್ಲಿ ಅವರನ್ನು ಮೇಲಕ್ಕೆತ್ತಿಕೊಂಡರು. ಅಷ್ಟರಲ್ಲಿ, ಮೊದಲೇ ಒಂದು ಚಾಲಕಯಂತ್ರ ಸರಿಯಾಗಿ ಸ್ಪಂದಿಸದಿದ್ದ ಆ ಹಡಗು ಅಲೆಯ ಹೊಡೆತಕ್ಕೆ ಹತೋಟಿ ತಪ್ಪಿ, ಅದರ ಹೆಲಿಡೆಕ್, ಅಂದರೆ ಹೆಲಿಕಾಪ್ಟರ್ ಇಳಿಯುವ ಅಟ್ಟ, ಅನಿಲದ ರೈಸರ್‌ಗೆ ಬಡಿಯಿತು.

ಏಳು ಅಂತಸ್ತಿನ ಪ್ಲಾಟ್‌ಫಾರ್ಮ್ ಸುಮಾರು ಎರಡು ಗಂಟೆಗಳಲ್ಲಿ ನೆಲೆಯಿಲ್ಲದಂತಾಯಿತು. ಬೆಂಕಿ ತಗುಲಿದ ಹಡಗೂ ಕೆಲವು ದಿನಗಳಲ್ಲಿ ಮುಳುಗಿತು. ಆ ಹಡಗಿನ ಒತ್ತಡದ ಕೋಣೆಯಲ್ಲಿ ಆರು ಮಂದಿ ಮುಳುಗುಗಾರರಿದ್ದರು. ಆಳದ ಒತ್ತಡಕ್ಕೆ ಒಗ್ಗಿದ ದೇಹವನ್ನು ಒಮ್ಮೆಲೇ ಹೊರಗೆ ತಂದರೆ ಸಾವು ಖಚಿತವಾದ್ದರಿಂದ ಬಾಗಿಲು ತೆಗೆದು ಓಡುವ ದಾರಿಯೇ ಅವರಿಗಿರಲಿಲ್ಲ. ಸುಮಾರು 36 ಗಂಟೆಗಳ ಮೇಲೆ ಅವರನ್ನು ಬದುಕಿಸಿ ತಂದದ್ದು ಆ ದುರಂತದಲ್ಲಿ ಒಂದು ಸಮಾಧಾನ. ಒಟ್ಟು 384 ಜನರಲ್ಲಿ 362 ಮಂದಿ ಉಳಿದರು, 22 ಮಂದಿ ಇಲ್ಲವಾದರು. ರೈಸರ್‌ಗಳು ಹಡಗು ತಾಗಬಹುದಾದ ಜಾಗದಲ್ಲಿದ್ದವು ಎಂಬುದು ಅಂದಿನವರೆಗೆ ಯಾರಿಗೂ ಕಾಣದ ಸಂಗತಿಯೇನಲ್ಲ. ಮುಂಗಾರಿನ ಅಲೆಯನ್ನು ದೂರಿ ಪ್ರಯೋಜನವಿಲ್ಲ. ಅದು ಪ್ರತಿವರ್ಷ ಹೇಳಿಯೇ ಬರುತ್ತದೆ.

2008ರಲ್ಲಿ ಕಡಲ ತೈಲೋದ್ಯಮದ ಸುರಕ್ಷತಾ ನಿಯಮಗಳು ಬಂದವು, 1986ರ ಆ ಸುರಕ್ಷತಾ ನಿರ್ದೇಶನಾಲಯಕ್ಕೆ ಕೊನೆಗೂ ಅಧಿಕಾರ ಸಿಕ್ಕಿತು. ಪ್ಲಾಟ್‌ಫಾರ್ಮಿನ ಸುತ್ತ ಇದರಿಂದ ಶಿಸ್ತು ಬಂದಿರಬಹುದು, ಆದರೆ ಅಲ್ಲಿಗೆ ಹೋಗಿಬರುವ ದಾರಿ ಸುಲಭವಾಗಲಿಲ್ಲ: 2018ರಲ್ಲಿ ಹೆಲಿಕಾಪ್ಟರ್ ಬಿದ್ದು ಏಳು ಮಂದಿ, 2022ರಲ್ಲಿ ಮತ್ತೊಂದು ಬಿದ್ದು ನಾಲ್ವರು ಸತ್ತರು.

ಇವೆರಡರ ನಡುವೆ 2021ರ ಮೇ 17 ಬರುತ್ತದೆ. ತೌಕ್ತೆ ಚಂಡಮಾರುತ ಬರುವ ಮುನ್ಸೂಚನೆಯನ್ನು ಹವಾಮಾನ ಇಲಾಖೆ ದಿನಗಳ ಮುಂಚೆಯೇ ಕೊಟ್ಟಿತ್ತು. ಅದೇ ಕಡಲಿನ ಹೀರಾ ತೈಲಕ್ಷೇತ್ರದ ಬಳಿ 261 ಜನರಿದ್ದ ಪಿ-305 ಎಂಬ ವಸತಿ ಬಾರ್ಜ್ (ಕೆಲಸಗಾರರು ತಂಗುವ ಚಪ್ಪಟೆ ತಳದ ನೌಕೆ) ಬಂದರಿಗೆ ಮರಳದೆ ಅಲ್ಲೇ ಲಂಗರು ಹಾಕಿಕೊಂಡಿತ್ತು. ಲಂಗರುಗಳು ಕಿತ್ತುಬಂದು, ಬಾರ್ಜ್ ತೇಲಿಹೋಗಿ ಪ್ಲಾಟ್‌ಫಾರ್ಮೊಂದಕ್ಕೆ ಬಡಿದು ತೂತಾಗಿ ಮುಳುಗಿತು. 70ಕ್ಕೂ ಹೆಚ್ಚು ಮಂದಿ ಸತ್ತರು. ಬಾರ್ಜಿನಲ್ಲಿದ್ದವರು ಹೆಚ್ಚಾಗಿ ಗುತ್ತಿಗೆಯ ಕೆಲಸಗಾರರು, ಬೆಸುಗೆಯವರು, ಫಿಟ್ಟರುಗಳು. ಮುಂಗಾರಿಗೆ ಮೊದಲು ಕೆಲಸ ಮುಗಿಸುವ ಒತ್ತಡ ಅತಿ ಹೆಚ್ಚಾಗಿರುವುದು ಮೇ ತಿಂಗಳಲ್ಲೇ, ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಏಳುವ ಕಾಲಗಳಲ್ಲಿ ಒಂದೂ ಅದೇ. ಅಂಥ ಹೊತ್ತಿನಲ್ಲಿ ಜಾಗ ಬಿಡಿ ಎಂದು ಅಪ್ಪಣೆ ಕೊಡಬೇಕಾದವರು ಬಾರ್ಜಿನ ಕಪ್ತಾನರೋ, ಗುತ್ತಿಗೆದಾರರೋ, ಕೆಲಸ ಕೊಟ್ಟ ಕಂಪನಿಯೋ ಎಂಬ ವಾದ ನಡೆದದ್ದು ಹೆಣಗಳು ದಡಕ್ಕೆ ಬಂದ ಮೇಲೆ.

2025ರ ಆರಂಭದಲ್ಲಿ ಒಎನ್‌ಜಿಸಿಯು ಮುಂಬೈ ಹೈನ ಇಳುವರಿ ಹೆಚ್ಚಿಸಲು ಬ್ರಿಟನ್ನಿನ ಬಿಪಿ ಕಂಪನಿಯನ್ನು ತಾಂತ್ರಿಕ ಸಹಭಾಗಿಯಾಗಿ ಆರಿಸಿಕೊಂಡಿತು. 2010ರಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಝನ್ ರಿಗ್ ಸ್ಫೋಟಿಸಿ 11 ಮಂದಿ ಸತ್ತಾಗ, ಆ ಬಾವಿ ಇದೇ ಕಂಪನಿಯದಾಗಿತ್ತು. ಇಳುವರಿ ಏರಬೇಕಾದರೆ ಹಳೆಯ ಪ್ಲಾಟ್‌ಫಾರ್ಮುಗಳ ದುರಸ್ತಿ, ಬಾವಿಗಳ ಮರುಕೆಲಸ ಹೆಚ್ಚಬೇಕು. ಅದಕ್ಕೆ ಬೇಕಾದ ಬಾರ್ಜುಗಳೂ ಸಹಾಯಕ ಹಡಗುಗಳೂ ಮುಂದೆಯೂ ಅಕ್ಟೋಬರಿನಿಂದ ಮೇವರೆಗಿನ ಅದೇ ಎಂಟು ತಿಂಗಳೊಳಗೆ ಕೆಲಸ ಮುಗಿಸಬೇಕು.