ಟ್ಯಾಕೊ ಮಸಾಲೆಗೆ ಮನೆಯ ಖಾರದ ಪುಡಿ ಆಗುತ್ತದೆಯೇ?

ಪ್ರಶ್ನೆ: ಟ್ಯಾಕೊಗೆ (ಮಡಚಿದ ರೊಟ್ಟಿಯೊಳಗೆ ಮಾಂಸವನ್ನೋ ಕಾಳನ್ನೋ ತುಂಬಿದ ತಿನಿಸು) ಹಾಕುವ ಮಸಾಲೆಯ ಪೊಟ್ಟಣ ಹಾಸನದ ಅಂಗಡಿಗಳಲ್ಲಿ ಒಮ್ಮೆ ಸಿಕ್ಕರೆ ಇನ್ನೊಮ್ಮೆ ಸಿಗುವುದಿಲ್ಲ. ಆದ್ದರಿಂದ ಅಮೆರಿಕದ ಒಂದು ಪಾಕವಿಧಾನವನ್ನು ನೋಡಿಕೊಂಡು ಮನೆಯಲ್ಲೇ ಮಾಡಿದೆ. ಎರಡು ಟೇಬಲ್ ಚಮಚ ಚಿಲ್ಲಿ ಪೌಡರ್ ಎಂದಿದ್ದ ಕಡೆ ನಮ್ಮ ಖಾರದ ಪುಡಿಯನ್ನು ಅಷ್ಟೇ ಅಳೆದು ಹಾಕಿದೆ. ಮಕ್ಕಳು ಬಾಯಿಗಿಡಲಾರದಷ್ಟು ಖಾರವಾಯಿತು. ಪುಡಿಯನ್ನು ಅರ್ಧ ಚಮಚಕ್ಕೆ ಇಳಿಸಿದರೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಇಲ್ಲಿ ಸಿಗುವ ಸಾಮಾನಿನಿಂದ ಇದನ್ನು ಸರಿಯಾಗಿ ಮಾಡುವುದು ಹೇಗೆ? ಮಾಡಿಟ್ಟರೆ ಎಷ್ಟು ದಿನ ಬರುತ್ತದೆ?

ಉತ್ತರ: ನಿಮ್ಮ ಅಳತೆ ತಪ್ಪಿಲ್ಲ, ಅಳೆದ ಪುಡಿ ಬೇರೆ. ಅಮೆರಿಕದ ಪಾಕವಿಧಾನಗಳಲ್ಲಿ ಚಿಲ್ಲಿ ಪೌಡರ್ ಎಂದರೆ ಬರಿಯ ಮೆಣಸಿನಕಾಯಿಯ ಪುಡಿಯಲ್ಲ. ಖಾರ ಕಡಿಮೆಯಿರುವ ಒಣಮೆಣಸಿನಕಾಯಿಗೆ ಜೀರಿಗೆ, ಒರೆಗಾನೊ ಎಂಬ ಪರಿಮಳದ ಎಲೆ, ಬೆಳ್ಳುಳ್ಳಿ ಪುಡಿ, ಅನೇಕ ವೇಳೆ ಉಪ್ಪನ್ನೂ ಬೆರೆಸಿದ ಸಿದ್ಧ ಮಸಾಲೆ ಅದು. 1890ರ ದಶಕದಲ್ಲಿ ಟೆಕ್ಸಾಸ್‌ನ ನ್ಯೂ ಬ್ರೌನ್‌ಫೆಲ್ಸ್ ಎಂಬ ಊರಿನಲ್ಲಿ ವಿಲಿಯಂ ಗೆಬ್‌ಹಾರ್ಟ್ ಎಂಬ ಜರ್ಮನ್ ವಲಸಿಗ ಇಂಥ ಮಿಶ್ರಣವನ್ನು ಮಾರಾಟಕ್ಕೆ ತಂದ ಮೇಲೆ ಅದು ಅಲ್ಲಿನ ಅಡುಗೆಮನೆಗಳಲ್ಲಿ ನೆಲೆಯೂರಿತು. ಅಂಥ ಪುಡಿಗೆ ಬಳಸುವ ಆಂಚೊ ಎಂಬ ಮೆಣಸಿನಕಾಯಿಯ ಖಾರ ಸ್ಕೋವಿಲ್ ಮಾಪನದಲ್ಲಿ ಸಾಮಾನ್ಯವಾಗಿ 1,000ದಿಂದ 2,000ದೊಳಗಿರುತ್ತದೆ. ನಮ್ಮ ಮನೆಗಳ ಖಾರದ ಪುಡಿಗೆ ಹೆಚ್ಚಾಗಿ ಬೀಳುವ ಗುಂಟೂರಿನ ಕಾಯಿಯದು 35,000ದ ಆಸುಪಾಸು. ಮಕ್ಕಳು ತಟ್ಟೆ ದೂಡಿದ್ದರಲ್ಲಿ ಆಶ್ಚರ್ಯವಿಲ್ಲ. ಪುಡಿ ಕಡಿಮೆ ಮಾಡಿದಾಗ ರುಚಿ ಕೆಟ್ಟದ್ದಕ್ಕೂ ಕಾರಣ ಇದೇ. ಟ್ಯಾಕೊ ಮಸಾಲೆಯಲ್ಲಿ ಮೆಣಸಿನಕಾಯಿಯನ್ನು ಖಾರಕ್ಕಾಗಿ ಹಾಕುವುದಿಲ್ಲ, ಬಣ್ಣ, ರುಚಿ, ಗಾತ್ರಕ್ಕಾಗಿ ಹಾಕುತ್ತಾರೆ. ಇಡೀ ಮಿಶ್ರಣದ ಅರ್ಧಕ್ಕಿಂತ ಹೆಚ್ಚು ಭಾಗ ಅದೇ ಆಗಿರುವುದರಿಂದ, ಅದನ್ನು ಚಿಟಿಕೆಗೆ ಇಳಿಸಿದರೆ ಉಳಿಯುವುದು ಜೀರಿಗೆಯ ಪುಡಿ ಮಾತ್ರ.

ಹಾಗಾಗಿ ಮೊದಲು ಸರಿಯಾದ ಕಾಯಿಯನ್ನು ಆರಿಸಿಕೊಳ್ಳಬೇಕು, ಮತ್ತು ಆ ಕಾಯಿ ನಮ್ಮಲ್ಲೇ ಇದೆ. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಬ್ಯಾಡಗಿ ಮೆಣಸಿನಕಾಯಿಯ ಹೆಚ್ಚುಗಾರಿಕೆ ಇರುವುದೇ ಗಾಢ ಬಣ್ಣ ಮತ್ತು ಹದವಾದ ಖಾರದಲ್ಲಿ. ಅದು ಆಂಚೊಗಿಂತ ಖಾರವೇ ಆದರೂ ಗುಂಟೂರಿನ ಹತ್ತಿರಕ್ಕೂ ಬರುವುದಿಲ್ಲ. ಹಾಸನದ ಕಟ್ಟಿನಕೆರೆ ಮಾರುಕಟ್ಟೆಯಲ್ಲಾಗಲಿ ಚಿಕ್ಕಮಗಳೂರಿನ ಯಾವುದೇ ದಿನಸಿ ಅಂಗಡಿಯಲ್ಲಾಗಲಿ ಬಿಡಿಯಾಗಿ ಸಿಗುತ್ತದೆ. ಸುಕ್ಕು ಚೆನ್ನಾಗಿರುವ, ಕಡುಗೆಂಪಿನ, ಮುರಿದರೆ ಧೂಳಿನ ವಾಸನೆ ಬರದ ಕಾಯಿಯನ್ನು ಆರಿಸಿಕೊಳ್ಳಿ. ಉಳಿದ ಖಾರವನ್ನು ಕೈಯಿಂದಲೇ ಇಳಿಸಬಹುದು. ಖಾರವಿರುವುದು ಬೀಜದಲ್ಲಿ ಎಂದು ನಾವೆಲ್ಲ ನಂಬಿದ್ದೇವೆ. ವಾಸ್ತವವಾಗಿ ಖಾರ ಕೊಡುವ ಕ್ಯಾಪ್ಸೈಸಿನ್ ಎಂಬ ರಾಸಾಯನಿಕ ಉತ್ಪತ್ತಿಯಾಗುವುದು ಬೀಜ ಅಂಟಿಕೊಂಡಿರುವ ಬಿಳಿಯ ತಿರುಳಿನಲ್ಲಿ, ಬೀಜಕ್ಕೆ ಖಾರ ಹತ್ತುವುದು ಅದರ ಸಹವಾಸದಿಂದ. ಆದ್ದರಿಂದ ತೊಟ್ಟು ಮುರಿದು, ಕಾಯಿಯನ್ನು ಉದ್ದಕ್ಕೆ ಸೀಳಿ, ಬೀಜದ ಜೊತೆಗೆ ಆ ಬಿಳಿ ನಾರನ್ನೂ ಕಿತ್ತು ತೆಗೆದರೆ ಮಕ್ಕಳೂ ತಿನ್ನಬಹುದಾದ ಪುಡಿ ಸಿಗುತ್ತದೆ. ಇಷ್ಟು ಕೆಲಸ ಬೇಡವೆಂದರೆ ಕಾಶ್ಮೀರಿ ಎಂದು ಬರೆದ ಪೊಟ್ಟಣದ ಪುಡಿ ನಡೆಯುತ್ತದೆ, ಆದರೆ ಬ್ಯಾಡಗಿಯ ಪರಿಮಳ ಅದರಲ್ಲಿಲ್ಲ.

ಹೀಗೆ ಬಿಡಿಸಿದ ಸಿಪ್ಪೆಯನ್ನು ಸಾರಿನ ಪುಡಿಗೆ ಹುರಿಯುವಂತೆ ಹುರಿಯಬಾರದು. ಎಣ್ಣೆ ಸೋಕಿಸದೆ, ಸಣ್ಣ ಉರಿಯಲ್ಲಿ, ಬಾಣಲೆಯ ಬಿಸಿಗೆ ಗರಿಗರಿಯಾದರೆ ಸಾಕು. ಬಣ್ಣ ಕಪ್ಪಿಗೆ ತಿರುಗಿತೆಂದರೆ ಕಹಿ ಬಂತೆಂದೇ ಲೆಕ್ಕ, ಮತ್ತು ಆ ಕಹಿಯನ್ನು ಮುಂದೆ ಯಾವ ಸಕ್ಕರೆಯೂ ಮುಚ್ಚುವುದಿಲ್ಲ. ಬಿಸಿಲಿದ್ದಾಗ ಒಂದು ದಿನ ಒಣಗಿಸಿದ ಕಾಯಿಗೆ ಬಾಣಲೆಯ ಅಗತ್ಯವೂ ಇರುವುದಿಲ್ಲ. ಪೂರ್ತಿ ಆರಿದ ಮೇಲೆ ಮಿಕ್ಸಿಯ ಸಣ್ಣ ಜಾರಿನಲ್ಲಿ ಪುಡಿ ಮಾಡಿ, ಘಾಟು ಇಳಿಯುವವರೆಗೆ ಮುಚ್ಚಳ ತೆಗೆಯದೆ ಬಿಡಿ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳುವುದು ಒಳ್ಳೆಯದು. ಟ್ಯಾಕೊ ಮೆಕ್ಸಿಕೊದ ತಿನಿಸು, ಆದರೆ ಈ ಮಸಾಲೆ ಪೊಟ್ಟಣ ಅಮೆರಿಕದ ಸರಕು. ಮೆಕ್ಸಿಕೊದ ಟ್ಯಾಕೊ ಅಂಗಡಿಗಳಲ್ಲಿ ಮಾಂಸವನ್ನು ಬರಿಯ ಉಪ್ಪಿನಲ್ಲೋ, ನೆನೆಸಿ ಅರೆದ ಮೆಣಸಿನಕಾಯಿಯ ಮಸಾಲೆಯಲ್ಲೋ ಬೇಯಿಸುತ್ತಾರೆ, ಮೇಲೆ ಹಸಿ ಚಟ್ನಿಯಂಥ ಸಾಲ್ಸಾ ಹಾಕುತ್ತಾರೆ. ಜೀರಿಗೆ ಮುಂದಾಗಿರುವ ಕೊಚ್ಚಿದ ಮಾಂಸ, ಚಿಪ್ಪಿನಂತೆ ಮಡಚಿದ ಗರಿಗರಿ ರೊಟ್ಟಿ, ಈ ಕ್ರಮ ಟೆಕ್ಸಾಸ್ ಮತ್ತು ಕ್ಯಾಲಿಫೋರ್ನಿಯಾದ ಕಡೆ ಬೆಳೆದು, 1962ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ಟ್ಯಾಕೊ ಬೆಲ್‌ನಂಥ ಹೋಟೆಲುಗಳ ಮೂಲಕ ಜಗತ್ತಿಗೆ ಹರಡಿತು. ಆದ್ದರಿಂದ ಇದಕ್ಕೆ ಮೀರಬಾರದ ಮೂಲ ಪಾಠವೆಂಬುದಿಲ್ಲ. ಮೆಣಸಿನಕಾಯಿ, ಜೀರಿಗೆ, ಒರೆಗಾನೊ ಈ ಮೂರು ನೆಲೆಯಾಗಿದ್ದರೆ ಉಳಿದದ್ದನ್ನು ನಮ್ಮ ಅನುಕೂಲಕ್ಕೆ ಬಗ್ಗಿಸಿಕೊಳ್ಳಬಹುದು.

ಬಗ್ಗಿಸುವ ಹುಮ್ಮಸ್ಸಿನಲ್ಲಿ ಕೊತ್ತಂಬರಿ ಬೀಜದ ಡಬ್ಬಕ್ಕೆ ಮಾತ್ರ ಕೈ ಹಾಕಬೇಡಿ. ಕೆಲವರು ಸೇರಿಸುವುದುಂಟು, ಆದರೆ ನಮ್ಮ ಮೂಗು ಬ್ಯಾಡಗಿ, ಜೀರಿಗೆ, ಕೊತ್ತಂಬರಿ ಮೂರೂ ಕೂಡಿದ ಕೂಡಲೇ ಸಾರನ್ನು ಗುರುತಿಸಿಬಿಡುತ್ತದೆ, ಆಮೇಲೆ ಅದನ್ನು ರೊಟ್ಟಿಯಲ್ಲಿ ಸುತ್ತಿಕೊಟ್ಟರೂ ಸಾರೇ. ಮೆಂತ್ಯ, ಕರಿಬೇವು, ಚಕ್ಕೆ, ಲವಂಗಗಳಿಗೂ ಇಲ್ಲಿ ಕೆಲಸವಿಲ್ಲ. ಚಿಕ್ಕಮಗಳೂರಿನವರೆಂಬ ಅಭಿಮಾನಕ್ಕೆ ಒಂದು ಚಮಚ ಕಾಫಿ ಪುಡಿ ಬೆರೆಸುವ ಉಪಾಯವನ್ನೂ ನಾನು ಒಪ್ಪುವುದಿಲ್ಲ. ಜೀರಿಗೆಯನ್ನು ಘಮ ಏಳುವಷ್ಟು ಬೆಚ್ಚಗೆ ಹುರಿದು ತರಿಯಿಲ್ಲದಂತೆ ಪುಡಿ ಮಾಡಿದರೆ ಅದರ ಕೆಲಸ ಮುಗಿಯಿತು. ಕಾಳುಮೆಣಸು ಸಕಲೇಶಪುರ ಅಥವಾ ಮೂಡಿಗೆರೆಯ ತೋಟದ್ದಾದರೆ ಪಾಕವಿಧಾನ ಹೇಳಿದ್ದಕ್ಕಿಂತ ತುಸು ಕಡಿಮೆ ಹಾಕಿ. ಎಂದೋ ಪುಡಿಯಾಗಿ ಡಬ್ಬಿ ಸೇರಿದ ಮೆಣಸನ್ನು ನೆಚ್ಚಿ ಬರೆದ ಅಳತೆ ಹೊಸದಾಗಿ ಕುಟ್ಟಿದ ಕಾಳಿಗೆ ಹೊಂದುವುದಿಲ್ಲ.

ಒರೆಗಾನೊ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಈ ಹೆಸರಿನಲ್ಲಿ ಎರಡು ಬೇರೆ ಗಿಡಗಳಿವೆ. ಪಿಜ್ಜಾದ ಮೇಲೆ ಉದುರಿಸುವುದು ಮೆಡಿಟರೇನಿಯನ್ ಕಡೆಯದು, ಪುದೀನ ಮತ್ತು ತುಳಸಿಯ ಕುಟುಂಬಕ್ಕೆ ಸೇರಿದ್ದು. ಮೆಕ್ಸಿಕೊದವರದು ಲಿಪ್ಪಿಯಾ ಎಂಬ ಕುಲದ ಪೊದೆ. ನಮ್ಮ ಬೇಲಿ, ಕಾಡಂಚುಗಳನ್ನು ಆಕ್ರಮಿಸಿರುವ ಲಂಟಾನದ ಕುಟುಂಬ ಅದರದು. ಎರಡರ ಪರಿಮಳವೂ ಬಹುಮಟ್ಟಿಗೆ ಕಾರ್ವಕ್ರಾಲ್, ಥೈಮಾಲ್ ಎಂಬ ಎರಡು ರಾಸಾಯನಿಕಗಳಿಂದ ಬರುತ್ತದೆ, ಮತ್ತು ಇವೇ ಎರಡು ನಮ್ಮ ಹಿತ್ತಲಿನ ದೊಡ್ಡಪತ್ರೆಯಲ್ಲೂ ಇವೆ. ಮಲೆನಾಡಿನ ಯಾವ ಮನೆಯ ಬಚ್ಚಲ ಬದಿಯಲ್ಲಿ ನೋಡಿದರೂ ಸಿಗುವ, ಕೆಮ್ಮಿಗೆ ಕಷಾಯವಾಗಿ, ಊಟಕ್ಕೆ ತಂಬುಳಿಯಾಗಿ ಬಳಕೆಯಾಗುವ ಈ ಎಲೆಯನ್ನು ಕೆರಿಬಿಯನ್ ದ್ವೀಪಗಳ ಅಡುಗೆಯಲ್ಲಿ ಒರೆಗಾನೊ ಎಂದೇ ಬಳಸುತ್ತಾರೆ. ತೊಂದರೆಯೊಂದೇ, ದಪ್ಪನೆಯ ರಸಭರಿತ ಎಲೆ ಬೇಗ ಒಣಗುವುದಿಲ್ಲ, ಅರೆ ಒಣಗಿದ್ದನ್ನು ಪುಡಿಗೆ ಬೆರೆಸಿದರೆ ಬೂಷ್ಟು ಖಚಿತ. ಆದ್ದರಿಂದ ಅದನ್ನು ಮಸಾಲೆಯೊಳಗೆ ಸೇರಿಸದೆ, ಅಡುಗೆಯ ಹೊತ್ತಿಗೆ ಮೂರು ನಾಲ್ಕು ಹಸಿ ಎಲೆಗಳನ್ನು ಸಣ್ಣಗೆ ಹೆಚ್ಚಿ ಎಣ್ಣೆಗೆ ಹಾಕುವುದೇ ನನ್ನ ಮಟ್ಟಿಗೆ ಉತ್ತಮ ದಾರಿ. ಓಮದಲ್ಲಿಯೂ ಥೈಮಾಲ್ ಇರುವುದರಿಂದ ಅದನ್ನು ಬದಲಿಗೆ ಬಳಸಬಹುದಾದರೂ ಕಾಲು ಟೀ ಚಮಚ ಮೀರಿದರೆ ಔಷಧದ ವಾಸನೆ ಹೊಡೆಯುತ್ತದೆ. ಒಣ ಒರೆಗಾನೊ ಕೊಳ್ಳುವವರು ಡಬ್ಬಿಯ ಹಿಂದಿನ ಪಟ್ಟಿಯನ್ನು ಓದಬೇಕು. ಪಿಜ್ಜಾದೊಂದಿಗೆ ಬರುವಂಥ ಪೊಟ್ಟಣಗಳಲ್ಲಿ ಎಲೆಗಿಂತ ಉಪ್ಪು ಮತ್ತಿತರ ಪುಡಿಗಳು ಹೆಚ್ಚಿರುವುದುಂಟು.

ಬೆಳ್ಳುಳ್ಳಿ ಪುಡಿ, ಈರುಳ್ಳಿ ಪುಡಿ, ಉಪ್ಪು ಇವುಗಳ ವಿಷಯದಲ್ಲಿ ಊರು ನೋಡಿ ತೀರ್ಮಾನಿಸಬೇಕಾಗುತ್ತದೆ. ಅಡುಗೆ ಉಪ್ಪು ಗಾಳಿಯ ಸಾಪೇಕ್ಷ ಆರ್ದ್ರತೆ ಶೇ. 75ನ್ನು ದಾಟಿದಾಗ ತೇವವನ್ನು ಎಳೆದುಕೊಂಡು ನೀರೊಡೆಯಲು ತೊಡಗುತ್ತದೆ; ಬೆಳ್ಳುಳ್ಳಿ, ಈರುಳ್ಳಿ ಪುಡಿಗಳು ತಮ್ಮಲ್ಲಿರುವ ಸಕ್ಕರೆಯಂಶದಿಂದಾಗಿ ಇನ್ನೂ ಬೇಗ ಅಂಟಾಗುತ್ತವೆ. ಅಂಗಡಿಯ ಪೊಟ್ಟಣಗಳಲ್ಲಿ ಗಂಟುಕಟ್ಟದಿರಲೆಂದು ಸಿಲಿಕಾನ್ ಡೈಆಕ್ಸೈಡ್ ಸೇರಿಸಿರುವುದು ಇದಕ್ಕಾಗಿಯೇ. ಅರಸೀಕೆರೆ ಅಥವಾ ಕಡೂರಿನಂಥ ಒಣ ಸೀಮೆಯಲ್ಲಿರುವವರು ಎಲ್ಲವನ್ನೂ ಒಂದೇ ಡಬ್ಬಿಯಲ್ಲಿ ಬೆರೆಸಿಟ್ಟರೂ ವರ್ಷದ ಬಹುಪಾಲು ತೊಂದರೆಯಾಗದು. ಸಕಲೇಶಪುರ, ಮೂಡಿಗೆರೆ, ಶೃಂಗೇರಿಯ ಕಡೆಯವರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಾಗೆ ಮಾಡಿದರೆ ಡಬ್ಬಿಯೊಳಗೆ ಕೆಂಪು ಕಲ್ಲು ಸಿಗುತ್ತದೆ. ಅಂಥಲ್ಲಿ ಈ ಮೂರನ್ನೂ ಪುಡಿಯಿಂದ ಹೊರಗಿಟ್ಟು, ಅಡುಗೆಯಲ್ಲಿ ಹಸಿ ಬೆಳ್ಳುಳ್ಳಿ, ಹಸಿ ಈರುಳ್ಳಿ ಬಳಸುವುದು ಸುಲಭ, ರುಚಿಯೂ ಹೆಚ್ಚು. ಇವೆರಡನ್ನೂ ಮುಟ್ಟದ ಮನೆಗಳಲ್ಲಿ, ಶ್ರವಣಬೆಳಗೊಳದ ಕಡೆ ಅಂಥವು ಕಡಿಮೆಯೇನಿಲ್ಲ, ಎಣ್ಣೆಗೆ ಒಂದು ಚಿಟಿಕೆ ಇಂಗು ಹಾಕಬಹುದು.

ಈಗ ಅಳತೆ. ಬೀಜ ಮತ್ತು ತಿರುಳು ತೆಗೆದ ಮೇಲೆ ತೂಗಿದ ಬ್ಯಾಡಗಿ 40 ಗ್ರಾಂ, ಜೀರಿಗೆ 15 ಗ್ರಾಂ, ಕಾಳುಮೆಣಸು 3 ಗ್ರಾಂ, ಒಣ ಒರೆಗಾನೊ 4 ಗ್ರಾಂ. ಮೊದಲ ಮೂರನ್ನು ಬೇರೆ ಬೇರೆಯಾಗಿ ನುಣ್ಣಗೆ ಪುಡಿ ಮಾಡಿ ಜರಡಿ ಹಿಡಿದು, ಒರೆಗಾನೊವನ್ನು ಅಂಗೈಯಲ್ಲಿ ಉಜ್ಜಿ ಸೇರಿಸಿ. ದೊಡ್ಡಪತ್ರೆ ಬಳಸುವವರು ಒರೆಗಾನೊ ಬಿಟ್ಟುಬಿಡಲಿ. ಇದು ಸುಮಾರು ನಾಲ್ಕು ಬಾರಿಯ ಅಡುಗೆಗೆ ಸಾಕು. ಒಣ ಸೀಮೆಯವರು ಬೆಳ್ಳುಳ್ಳಿ ಪುಡಿ ಮತ್ತು ಈರುಳ್ಳಿ ಪುಡಿ ತಲಾ 6 ಗ್ರಾಂ ಬೆರೆಸಿಕೊಳ್ಳಬಹುದು.

ಬಳಸುವ ಕ್ರಮದ ಮೇಲೂ ರುಚಿ ನಿಂತಿದೆ. ಅರ್ಧ ಕಿಲೊ ಕೈಮಾಕ್ಕೆ, ಅಥವಾ ಬೇಯಿಸಿದ ರಾಜ್ಮಾಕ್ಕೆ, ಅಥವಾ ಸಣ್ಣಗೆ ಹೆಚ್ಚಿ ಅರೆ ಬೇಯಿಸಿದ ಹಾಸನದ ಆಲೂಗಡ್ಡೆಗೆ (ಆಲೂಗಡ್ಡೆಯ ಟ್ಯಾಕೊ ಮೆಕ್ಸಿಕೊದಲ್ಲೂ ಮಾಮೂಲು) ಈ ಪುಡಿ ಎರಡು ಟೇಬಲ್ ಚಮಚ ಬೇಕು. ಎಣ್ಣೆಯಲ್ಲಿ ಒಂದು ಈರುಳ್ಳಿ, ಐದಾರು ಎಸಳು ಬೆಳ್ಳುಳ್ಳಿ ಬಾಡಿದ ಮೇಲೆ ಉರಿ ಸಣ್ಣದು ಮಾಡಿ ಪುಡಿಯನ್ನು ಹಾಕಿ ಅರ್ಧ ನಿಮಿಷ ಕೈಯಾಡಿಸಿ. ಮೆಣಸಿನಕಾಯಿಯ ಬಣ್ಣವೂ ಖಾರವೂ ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುತ್ತವೆ. ಪುಡಿಯನ್ನು ನೇರವಾಗಿ ನೀರಿಗೆ ಉದುರಿಸಿದವರ ಟ್ಯಾಕೊ ಮಸುಕಾಗಿರುವುದು ಇದರಿಂದಲೇ. ಆಮೇಲೆ ಕೈಮಾ ಅಥವಾ ಕಾಳು, ಒಂದು ಟೀ ಚಮಚ ಉಪ್ಪು, ಮುಕ್ಕಾಲು ಲೋಟ ನೀರು. ಕೈಮಾ ಪೂರ್ತಿ ಬೆಂದ ಮೇಲೆ, ಕೊನೆಗೆ ಒಂದು ಟೀ ಚಮಚ ಕಾರ್ನ್‌ಫ್ಲೋರ್ ಅನ್ನು ತಣ್ಣೀರಿನಲ್ಲಿ ಕದಡಿ ಸುರಿದರೆ ಮಸಾಲೆ ಕಾಳಿಗೋ ಮಾಂಸಕ್ಕೋ ಮೆತ್ತಿಕೊಳ್ಳುತ್ತದೆ. ಅಂಗಡಿಯ 28 ಗ್ರಾಮಿನ ಪೊಟ್ಟಣದಲ್ಲಿ ತೂಕ ತುಂಬಿಸುವುದು ಹೆಚ್ಚಾಗಿ ಇಂಥ ಪಿಷ್ಟ, ಉಪ್ಪು, ಸಕ್ಕರೆಗಳೇ. ಅವನ್ನು ಹೊರಗಿಟ್ಟಿದ್ದರಿಂದ ನಮ್ಮ ಪುಡಿ ಅದರ ಅರ್ಧದಷ್ಟೇ ಸಾಕಾಗುತ್ತದೆ.

ಪೊಟ್ಟಣದ ಸಿಟ್ರಿಕ್ ಆಮ್ಲದ ಬದಲು ಒಲೆಯಿಂದ ಇಳಿಸಿದ ಮೇಲೆ ನಿಂಬೆಹಣ್ಣು ಹಿಂಡಿ. ಮೆಕ್ಸಿಕೊದವರು ಬಳಸುವ ಸಣ್ಣ ನಿಂಬೆಯೂ ನಮ್ಮ ನಿಂಬೆಯೂ ಒಂದೇ ಜಾತಿಯದು. ಹುಣಸೆ ಬೇಡ. ದೊಡ್ಡವರಿಗೆ ಖಾರ ಸಾಲದೆನಿಸಿದರೆ ಪುಡಿಯನ್ನು ಬದಲಿಸದೆ, ಟೊಮೆಟೊ, ಈರುಳ್ಳಿ, ಕೊತ್ತಂಬರಿ ಸೊಪ್ಪಿನ ಹಸಿ ಚಟ್ನಿಗೆ ಎರಡು ಜೀರಿಗೆ ಮೆಣಸು (ಸಣ್ಣ, ಬಲು ಖಾರದ ಮೆಣಸಿನಕಾಯಿ) ಜಜ್ಜಿ ಅವರ ತಟ್ಟೆಗೆ ಮಾತ್ರ ಬಡಿಸಿ. ಮಕ್ಕಳ ಪಾಲು ಹಾಗೆಯೇ ಉಳಿಯುತ್ತದೆ.

ಇಡುವ ವಿಷಯ. ವರ್ಷಕ್ಕಾಗುವಷ್ಟು ಮಾಡಿಡುವ ನಮ್ಮ ಪದ್ಧತಿ ಇದಕ್ಕೆ ಒಗ್ಗುವುದಿಲ್ಲ, ಏಕೆಂದರೆ ಪುಡಿಯಾದ ಜೀರಿಗೆ ಮತ್ತು ಒರೆಗಾನೊಗಳ ಘಮ ಮೂರು ತಿಂಗಳಾಗುವಷ್ಟರಲ್ಲಿ ತಗ್ಗಿರುತ್ತದೆ. ಅದಾದ ಮೇಲೂ ತಿನ್ನಲು ಅಡ್ಡಿಯಿಲ್ಲ, ಆದರೆ ಮಾಡಿದ ಶ್ರಮ ದಂಡ. ಹೆಚ್ಚು ಬೇಕೆನ್ನುವವರು ಫೆಬ್ರವರಿಯಿಂದ ಏಪ್ರಿಲ್‌ವರೆಗಿನ ಬಿಸಿಲಿನಲ್ಲಿ ಬ್ಯಾಡಗಿಯನ್ನು ಬಿಡಿಸಿ ಒಣಗಿಸಿ ಸಿಪ್ಪೆಯಾಗಿಯೇ ಗಾಳಿಯಾಡದ ಡಬ್ಬಿಯಲ್ಲಿಟ್ಟು, ಬೇಕಾದಾಗ ಬೇಕಾದಷ್ಟು ಪುಡಿ ಮಾಡಿಕೊಳ್ಳಲಿ. ಬೆಳಕಿಗೆ ಬಣ್ಣ ಮಾಸುವುದರಿಂದ ಗಾಜಿನ ಶೀಷೆಗಿಂತ ಸ್ಟೀಲ್ ಡಬ್ಬಿ ಮೇಲು. ಫ್ರಿಜ್‌ನಲ್ಲಿಡುವುದಾದರೆ ಹೊರತೆಗೆದ ತಕ್ಷಣ ಮುಚ್ಚಳ ತೆರೆಯಬೇಡಿ, ತಣ್ಣನೆಯ ಪುಡಿಯ ಮೇಲೆ ಗಾಳಿಯ ತೇವ ಕೂರುತ್ತದೆ. ಒದ್ದೆ ಚಮಚ, ಕುದಿಯುವ ಪಾತ್ರೆಯ ಹಬೆಯ ಮೇಲೆ ಡಬ್ಬಿ ಬಗ್ಗಿಸುವುದು, ಎರಡೂ ಬೇಡ. ಬರಿಯ ಗಂಟಾದ ಪುಡಿಯನ್ನು ಒಡೆದು ಬಳಸಬಹುದು. ಮುಗ್ಗಲು ವಾಸನೆ ಬಂದಿದ್ದರೆ ಬಿಸಿಲಿಗಿಟ್ಟು ಉಳಿಸಲು ನೋಡದೆ ಪೂರ್ತಿ ಚೆಲ್ಲಬೇಕು, ಏಕೆಂದರೆ ಮೆಣಸಿನಕಾಯಿಯ ಮೇಲೆ ಬೆಳೆಯುವ ಬೂಷ್ಟು ಬಿಡುವ ಅಫ್ಲಾಟಾಕ್ಸಿನ್ ಎಂಬ ವಿಷ ಹುರಿದರೂ ಕುದಿಸಿದರೂ ಪೂರ್ತಿ ಹೋಗುವುದಿಲ್ಲ.