ಮೇಲಿನ ಎರಡು ಗುಂಡಿ

"ಮೇಡಂ, ಥೀಸಿಸ್‌ಗೆ ಒಂದು ಟಾಪಿಕ್ ಹೇಳಿ." ಕಾಯಿಲೆಯಿಂದ ಸೋತವರು ತಮ್ಮ ದಿನನಿತ್ಯದ ಕೆಲಸಗಳನ್ನು ಮತ್ತೆ ಮಾಡಿಕೊಳ್ಳಲು ನೆರವಾಗುವ ಆಕ್ಯುಪೇಶನಲ್ ಥೆರಪಿಯಲ್ಲಿ ಮಾಸ್ಟರ್ಸ್‌ಗೆ ಸೇರಿದವರು ಮೊದಲ ತಿಂಗಳಲ್ಲೇ ನನ್ನ ಬಳಿ ಬಂದು ಕೇಳುವುದು ಇದನ್ನೇ. ನಾನು ಟಾಪಿಕ್ ಕೊಡುವುದಿಲ್ಲ. "ಎರಡು ವಾರ ಸುಮ್ನೆ ಕೂತು ಪೇಷೆಂಟುಗಳನ್ನು ನೋಡು" ಅನ್ನುತ್ತೇನೆ. ಮುಖ ಸಪ್ಪಗಾಗುತ್ತದೆ. ಪದವಿ ಮುಗಿಸಿ, ಒಂದೆರಡು ವರ್ಷ ಕೆಲಸವನ್ನೂ ಮಾಡಿ ಬಂದವರಿಗೆ ನೋಡುವುದನ್ನು ಕಲಿ ಅಂದರೆ ಬೇಜಾರಾಗುತ್ತದೆ ಅಲ್ವಾ?

ಒಬ್ಬ ವಿದ್ಯಾರ್ಥಿನಿ ಖುಷಿಯಿಂದ ಚಾರ್ಟ್ ಹಿಡಿದು ಬಂದಳು. ಸ್ಟ್ರೋಕ್ ಆಗಿ ಬಲಗೈ ಸೋತಿದ್ದ ಒಬ್ಬರ ಹಿಡಿತದ ಬಲವನ್ನು ಅವಳು ವಾರವಾರವೂ ಡೈನಮೋಮೀಟರಿನಲ್ಲಿ ಅಳೆಯುತ್ತಿದ್ದಳು. ಅಂಕಿ ಏರುತ್ತಲೇ ಇತ್ತು. "ಅಂಗಿ ಗುಂಡಿ ಹಾಕಿಕೊಳ್ತಾರಾ?" ಅಂತ ಕೇಳಿದೆ. ಅವಳ ಹತ್ತಿರ ಉತ್ತರ ಇರಲಿಲ್ಲ. ಇಬ್ಬರೂ ಹೋಗಿ ಅವರೆದುರು ಕೂತೆವು.

ಅವರು ಕೆಳಗಿನ ಗುಂಡಿಯಿಂದ ಶುರು ಮಾಡಿದರು. ಕಣ್ಣು ಬೆರಳ ಮೇಲೇ ನೆಟ್ಟಿತ್ತು. ನಿಧಾನವಾದರೂ ಗುಂಡಿ ಕಾಜಾದೊಳಗೆ ಹೋಯಿತು. ಎರಡನೆಯದು, ಮೂರನೆಯದೂ ಹೋಯಿತು. ಎದೆಯಿಂದ ಮೇಲಕ್ಕೆ ಬಂದಾಗ ಕೈ ನಿಂತಿತು. ಗಲ್ಲದ ಕೆಳಗಿನ ಗುಂಡಿ ಕಣ್ಣಿಗೆ ಕಾಣುವುದಿಲ್ಲ. ಬೆರಳು ಹಿಡಿದಿರುವುದು ಗುಂಡಿಯನ್ನೋ ಬಟ್ಟೆಯನ್ನೋ ಅವರಿಗೇ ತಿಳಿಯುತ್ತಿಲ್ಲ. ಹೆಂಡತಿ ಕೈ ಚಾಚಿದರೆ "ಬೇಡ, ನಾನೇ ಹಾಕ್ಕೋತೀನಿ" ಎಂದು ಸರಿಸಿದರು. ಏಳು ನಿಮಿಷ ಆಯಿತು. ಮೇಲಿನ ಎರಡು ಗುಂಡಿ ಹಾಗೇ ಉಳಿದವು.

ಬಲ ಬಂದಿತ್ತು, ಸ್ಪರ್ಶ ಬಂದಿರಲಿಲ್ಲ. ಅದನ್ನು ಅವರು ಕಣ್ಣಿನಿಂದ ಸರಿದೂಗಿಸಿಕೊಳ್ಳುತ್ತಿದ್ದರು. "ಬಲ ಜಾಸ್ತಿಯಾದವರಿಗೆಲ್ಲ ಬಟ್ಟೆ ಹಾಕಿಕೊಳ್ಳುವುದೂ ಸುಲಭವಾಗುತ್ತದಾ ಮೇಡಂ? ಸ್ಪರ್ಶ ಹೋದವರ ಕಥೆ ಏನು?" ವಾಪಸು ಬರುವಾಗ ದಾರಿಯಲ್ಲಿ ಅವಳು ಕೇಳಿದ ಈ ಪ್ರಶ್ನೆಯೇ ಮುಂದೆ ಥೀಸಿಸ್ ಆಯಿತು.

ನಾನು ಓದುವಾಗ ಹೀಗೆ ಮಾಡಲಿಲ್ಲ. ಕೈಯನ್ನು ಸರಿಯಾದ ಭಂಗಿಯಲ್ಲಿ ಹಿಡಿದಿಡಲು ಹಾಕುವ ಸ್ಪ್ಲಿಂಟ್ ಬಗ್ಗೆ ಥೀಸಿಸ್ ಬರೆದೆ. ಗೋನಿಯೋಮೀಟರ್ ಇಟ್ಟು ಕೀಲಿನ ಕೋನಗಳನ್ನು ಅಚ್ಚುಕಟ್ಟಾಗಿ ಅಳೆದೆ. ಆಮೇಲೆ ಒಬ್ಬರ ಮನೆಗೆ ಹೋದಾಗ ನೋಡಿದರೆ ಸ್ಪ್ಲಿಂಟ್ ಬೀರುವಿನ ಮೇಲೆ ಧೂಳು ಹಿಡಿಯುತ್ತಿತ್ತು. "ಅದನ್ನ ಹಾಕ್ಕೊಂಡ್ರೆ ಮಗೂನ ಎತ್ಕೊಳ್ಳೋಕಾಗಲ್ಲ" ಅಂದರು. ದಿನಕ್ಕೆ ಎಷ್ಟು ಗಂಟೆ ಹಾಕಿಕೊಳ್ಳುತ್ತೀರಿ ಎಂಬ ಪ್ರಶ್ನೆಯೇ ನನ್ನ ಫಾರ್ಮಿನಲ್ಲಿ ಇರಲಿಲ್ಲ.

ಅದಕ್ಕೇ ಈಗ ಸಿಒಪಿಎಂ (ಕೆನಡಿಯನ್ ಆಕ್ಯುಪೇಶನಲ್ ಪರ್ಫಾರ್ಮೆನ್ಸ್ ಮೆಷರ್) ಎಂಬ ಅಳತೆಯನ್ನು ಮೊದಲೇ ಕಲಿಸುತ್ತೇನೆ. 1991ರಲ್ಲಿ ಕೆನಡಾದವರು ಪ್ರಕಟಿಸಿದ್ದು. ಇದರಲ್ಲಿ ಅಂಕ ಕೊಡುವವರು ನಾವಲ್ಲ, ಪೇಷೆಂಟು. ತನಗೆ ಮುಖ್ಯವಾದ ಕೆಲಸ ಯಾವುದು ಅಂತ ಅವರೇ ಹೇಳಬೇಕು. ಎಷ್ಟು ಚೆನ್ನಾಗಿ ಮಾಡುತ್ತೇನೆ ಎಂಬುದಕ್ಕೆ 1ರಿಂದ 10ರವರೆಗೆ ಒಂದು ಅಂಕ, ಎಷ್ಟು ತೃಪ್ತಿಯಿದೆ ಎಂಬುದಕ್ಕೆ ಇನ್ನೊಂದು. ಮೊದಲ ಸಲ ಕೊಟ್ಟದ್ದಕ್ಕೂ ಆಮೇಲೆ ಕೊಟ್ಟದ್ದಕ್ಕೂ ಎರಡು ಅಂಕದ ವ್ಯತ್ಯಾಸ ಕಂಡರೆ ಅದನ್ನು ಗಮನಿಸಬೇಕಾದ ಬದಲಾವಣೆ ಎನ್ನುವುದು ರೂಢಿ. ಮಜಾ ಇರುವುದು ಎರಡೂ ಅಂಕ ಒಟ್ಟಿಗೆ ಏರದಿದ್ದಾಗ. ನಮ್ಮ ಗುಂಡಿಯವರು ಕೆಲಸಕ್ಕೆ 6 ಕೊಟ್ಟರು, ತೃಪ್ತಿಗೆ 3. "ಹಾಕ್ತೀನಿ, ಆದ್ರೆ ಕುತ್ತಿಗೆ ಹತ್ರ ಬಿಟ್ಕೊಂಡೇ ಹೊರಗೆ ಹೋಗಬೇಕು" ಅಂದರು.

ಸೇರುವ ಮುಂಚೆ ಒಂದು ವಿಷಯ ನೋಡಿಕೊಳ್ಳಿ. ಮಾಸ್ಟರ್ಸ್ ಎಲ್ಲ ಕಡೆ ಒಂದೇ ಅಲ್ಲ. ಕೆನಡಾದಲ್ಲಿ ಥೆರಪಿಸ್ಟ್ ಆಗುವುದಕ್ಕೇ ಮಾಸ್ಟರ್ಸ್ ಬೇಕು. ಬೇರೆ ವಿಷಯದಲ್ಲಿ ಪದವಿ ಪಡೆದವರು ಅಂಥ ಕೋರ್ಸಿಗೆ ಸೇರುತ್ತಾರೆ. ಹಲವು ದೇಶಗಳಲ್ಲಿ ಪದವಿಯಲ್ಲೇ ವೃತ್ತಿ ಕಲಿತಿರುತ್ತಾರೆ, ಮಾಸ್ಟರ್ಸ್ ಇನ್ನಷ್ಟು ಆಳಕ್ಕೆ ಹೋಗಲು. ವಿಶ್ವ ಆಕ್ಯುಪೇಶನಲ್ ಥೆರಪಿಸ್ಟರ ಒಕ್ಕೂಟ ಕನಿಷ್ಠ 1000 ಗಂಟೆ ಫೀಲ್ಡ್‌ವರ್ಕ್, ಅಂದರೆ ಕೆಲಸದ ಜಾಗದಲ್ಲೇ ತರಬೇತಿ, ಬೇಕು ಅನ್ನುವುದು ವೃತ್ತಿಗೆ ಬರುವವರ ಕೋರ್ಸಿಗೆ. ಇದನ್ನು ವಿಚಾರಿಸದೆ ಅರ್ಜಿ ಹಾಕಿದ ಥೆರಪಿಸ್ಟರು ಹೊಸಬರ ಜೊತೆ ಕೂತು ಮತ್ತೆ ಮೂಳೆಗಳ ಹೆಸರು ಬಾಯಿಪಾಠ ಮಾಡಬೇಕಾದೀತು.

ಸ್ಟ್ಯಾಟಿಸ್ಟಿಕ್ಸ್‌ಗೆ ಹೆದರಬೇಡಿ, ಕೇಳಿದರೆ ಹೇಳಿಕೊಡುವವರಿರುತ್ತಾರೆ. ಹೆದರಬೇಕಾದ್ದು ಸ್ಯಾಂಪಲ್‌ಗೆ, ಅಂದರೆ ಅಧ್ಯಯನಕ್ಕೆ ಸಿಗುವ ಪೇಷೆಂಟುಗಳ ಸಂಖ್ಯೆಗೆ. ತಿಂಗಳಿಗೆ ಹತ್ತು ಜನ ಬರುತ್ತಾರೆ, ಮೂರೇ ತಿಂಗಳಲ್ಲಿ ಮೂವತ್ತು ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕುತ್ತಾರೆ. ಎರಡನೇ ಸಲ ಸ್ಟ್ರೋಕ್ ಆದವರನ್ನು, ಮಾತು ಹೋದವರನ್ನು, ಮನೆ ದೂರ ಇರುವವರನ್ನು ಕಳೆದರೆ ತಿಂಗಳಿಗೆ ಮೂರು ಜನ ಉಳಿದರೆ ಪುಣ್ಯ.

ಮೇಲಿನ ಎರಡು ಗುಂಡಿಗೆ ವೆಲ್ಕ್ರೋ ಹಚ್ಚೋಣ ಅಂದಳು ನನ್ನ ವಿದ್ಯಾರ್ಥಿನಿ. ಅವರು ಒಪ್ಪಲಿಲ್ಲ, ಅದು ಚಿಕ್ಕಮಕ್ಕಳ ಅಂಗಿ ಅಂದರು. ಕೊನೆಗೆ ಅವಳೇ ಇನ್ನೊಂದು ದಾರಿ ಹುಡುಕಿದಳು. ಮೇಲಿನ ಎರಡು ಗುಂಡಿಯನ್ನು ಬಿಚ್ಚುವುದೇ ಬೇಡ. ತಲೆಯಿಂದ ಅಂಗಿ ತೊಟ್ಟು, ಉಳಿದವನ್ನು ಕಣ್ಣಾರೆ ನೋಡಿಕೊಂಡು ಹಾಕಲಿ. "ಆದ್ರೆ ಇದು ಚಿಕಿತ್ಸೆ ಆಗುತ್ತಾ ಮೇಡಂ? ಬೆರಳು ಸುಧಾರಿಸಲಿಲ್ಲವಲ್ಲ?" ಎಂದು ಅವಳಿಗೆ ಅನುಮಾನ. ಮುಂದಿನ ವಾರದ ಸೆಮಿನಾರಿಗೆ ಅದನ್ನೇ ವಿಷಯವಾಗಿ ಕೊಟ್ಟೆ. ವಿದ್ಯಾರ್ಥಿಗಳು ಒಂದೂವರೆ ಗಂಟೆ ಜಗಳವಾಡಿದರು. ಆ ಸೆಮಿನಾರಿನ ಹೊತ್ತಿಗೆ ನಮ್ಮ ಗುಂಡಿಯವರು ಆ ಅಂಗಿ ತೊಟ್ಟು ಒಬ್ಬರೇ ಎರಡು ಸಲ ಹೊರಗೆ ಹೋಗಿಬಂದಿದ್ದರು.